ನಗರದ ಕೊಳಕಿನ ಬಗ್ಗೆ ಚಂದದ ಕವಿತೆ ಬರೆದರೆ ಅದು ಸುಳ್ಳಾಗುವುದಿಲ್ಲವೇ?

ಚರಂಡಿ, ಹೊಗೆ, ಫುಟ್‌ಪಾತಿನಲ್ಲಿ ಮಲಗುವ ಜನ. ಇದರಲ್ಲೆಲ್ಲ ಚಂದ ಹುಡುಕುವುದು ಸುಳ್ಳಲ್ವಾ ಅಂತ ಕೇಳಿದ್ದೀರಿ. ಕೊಳಕನ್ನು ಹೊಗಳಿದರೆ ಸುಳ್ಳು, ನಿಜ. ಇದ್ದದ್ದನ್ನು ಇದ್ದ ಹಾಗೆ ನೋಡಿ ಬರೆದರೆ ಸುಳ್ಳೆಲ್ಲಿ ಬಂತು?

ನನಗೆ ಈ ದಾರಿ ತೋರಿಸಿದವನು ಫ್ರೆಂಚ್ ಕವಿ ಬೋದಿಲೇರ್. 1857ರಲ್ಲಿ ಅವನ ಕವನ ಸಂಕಲನ ‘ಪಾಪದ ಹೂಗಳು’ ಬಂದಾಗ ಫ್ರಾನ್ಸಿನ ಕೋರ್ಟು ದಂಡ ಹಾಕಿ, ಆರು ಕವಿತೆಗಳನ್ನು ನಿಷೇಧಿಸಿತು. (ಲಂಕೇಶ್ ಅದನ್ನು ಕನ್ನಡಕ್ಕೆ ತಂದಿದ್ದಾರೆ, ಸಿಕ್ಕರೆ ಬಿಡಬೇಡಿ.) 1861ರ ಆವೃತ್ತಿಗೆ ಅವನು ಪ್ಯಾರಿಸ್ಸಿನ ಬೀದಿಗಳದೇ ಒಂದು ಭಾಗ ಸೇರಿಸಿದ. ಅದರಲ್ಲಿ ಹಂಸದ ಕವಿತೆಯಿದೆ. ಹಳೆಯ ಪ್ಯಾರಿಸನ್ನು ಕೆಡವಿ ಅಗಲ ರಸ್ತೆ ಮಾಡುತ್ತಿದ್ದ ಕಾಲ. ಪಂಜರದಿಂದ ತಪ್ಪಿಸಿಕೊಂಡ ಹಂಸವೊಂದು ಒಣ ಕಲ್ಲುಹಾಸಿನ ಮೇಲೆ ಕಾಲೆಳೆದುಕೊಂಡು ಬರುತ್ತದೆ. ಬಿಳಿ ಗರಿ ನೆಲ ಸವರುತ್ತದೆ. ನೀರಿಲ್ಲದ ಚರಂಡಿಯ ಹತ್ತಿರ ಕೊಕ್ಕು ತೆರೆದು, ಧೂಳಿನಲ್ಲೇ ರೆಕ್ಕೆ ತೊಳೆಯಲು ನೋಡುತ್ತದೆ. ಆ ಚರಂಡಿ ಎಲ್ಲೂ ಹೊಳೆಯಾಗುವುದಿಲ್ಲ. ಆದರೂ ಓದಿದ ಮೇಲೆ ಅದನ್ನು ಮರೆಯಲು ಆಗುವುದಿಲ್ಲ. ನಾನು ಚಂದ ಅನ್ನುವುದು ಇದಕ್ಕೆ.

ಹೀಗೆ ಬರೆಯಲು ನಿಂತು ನೋಡಬೇಕು. ಮಳೆ ಬಂದ ಮೇಲೆ ರಸ್ತೆಗುಂಡಿಯ ನೀರಿನಲ್ಲಿ ಎಣ್ಣೆ ತೇಲುತ್ತಿರುತ್ತದೆ. ಕಾಮನಬಿಲ್ಲು ಅಂತ ಎಲ್ಲರೂ ಸುಮ್ನೆ ಬರೆದುಬಿಡುತ್ತಾರೆ. ಸ್ವಲ್ಪ ಹೊತ್ತು ನೋಡಿ. ಎಣ್ಣೆಯ ಪೊರೆ ಹರಡಿ ತೆಳುವಾದಂತೆ ಬಣ್ಣಗಳೂ ಬದಲಾಗುತ್ತವೆ. ಹಳೆಯ ಸೋಡಿಯಂ ದೀಪದ ಕೆಳಗೆ ನೀಲಿ ಅಂಗಿ ಕಪ್ಪಾಗಿ ಕಾಣುತ್ತದೆ, ಯಾಕೆಂದರೆ ಆ ಬೆಳಕಿನಲ್ಲಿ ಹಳದಿಯೇ ಜಾಸ್ತಿ. ಇಂಥದ್ದೊಂದು ಕಣ್ಣಿಗೆ ಬಿದ್ದರೆ ‘ಕಾಂಕ್ರೀಟ್ ಕಾಡು’ ಅನ್ನುವ ಸವೆದ ಮಾತು ಬೇಕಾಗುವುದೇ ಇಲ್ಲ.

ಕಷ್ಟ ಇರುವುದು ಮನುಷ್ಯರ ವಿಷಯದಲ್ಲಿ. ಚಿಂದಿ ಆಯುವವನ ದೊಡ್ಡ ಚೀಲ ದೂರದಿಂದ ಒಳ್ಳೆಯ ಚಿತ್ರದ ಹಾಗೆ ಕಾಣಬಹುದು, ಹೊತ್ತವನಿಗೆ ಅದು ಭಾರ. ಮರಾಠಿಯ ದಲಿತ ಕವಿ ನಾಮದೇವ ಢಸಾಳ 1972ರ ‘ಗೋಲ್‌ಪೀಠಾ’ ಸಂಕಲನದಲ್ಲಿ ಮುಂಬೈನ ವೇಶ್ಯಾವಾಟಿಕೆಯ ಬೀದಿಗಳಾದ ಕಾಮಾಠಿಪುರದ ಬದುಕನ್ನು ಬರೆದರು. ಅಲ್ಲೇ ಬೆಳೆದವರು ಅವರು. ಅಲ್ಲಿನ ಬೈಗುಳ, ಸಿಟ್ಟು ಎಲ್ಲವೂ ಅವರದೇ. ಹೊರಗಿನಿಂದ ನೋಡುವ ನನಗೆ ಆ ಹಕ್ಕಿಲ್ಲ. ಅದಕ್ಕೇ ಅಂಥ ಕಡೆ ಕಂಡಷ್ಟು ಮಾತ್ರ ಬರೆಯುತ್ತೇನೆ. ಅವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಲು ಹೋಗುವುದಿಲ್ಲ.

ನೀವು ದಿನಾ ಮೂಗು ಮುಚ್ಚಿಕೊಂಡು ದಾಟುವ ಜಾಗ ಒಂದಾದರೂ ಇರುತ್ತದೆ ಅಲ್ವಾ? ಅಲ್ಲಿಂದ ಶುರು ಮಾಡಿ. ಮೊದಲ ಸಲ ಬರೆಯುವಾಗ ಹೋಲಿಕೆ ಬೇಡ. ಬರೆದದ್ದನ್ನು ಆ ಬೀದಿಯಲ್ಲೇ ಬದುಕುವ ಯಾರಿಗಾದರೂ ಓದಿ ಹೇಳಿ. ಅವರು ಇದು ನಮ್ಮ ಬೀದಿ ಅಲ್ಲ ಅಂದರೆ ಮತ್ತೆ ಹೋಗಿ ನೋಡಿ.