ನಿಮ್ಮ ಅಯ್ಯನವರು ರಾಜೀನಾಮೆ ಕೊಡುವುದು ಬೇಡ

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಕಥೆ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆವು. ಬಂಗಾರಪೇಟೆ ಕಡೆಯ ಹಳ್ಳಿಯ ಸಭಾಪಾಲಕರೊಬ್ಬರಿಗೆ (ಚರ್ಚಿನ ಪಾಸ್ಟರು, ಊರವರ ಬಾಯಲ್ಲಿ ಅಯ್ಯನವರು) ಇಪ್ಪತ್ತು ವರ್ಷ ಸೇವೆಯಾದ ಮೇಲೆ ದೇವರಿಲ್ಲ ಅನ್ನಿಸುತ್ತದೆ; ಆದರೂ ಭಾನುವಾರ ಬಂದರೆ ಪ್ರಸಂಗಕ್ಕೆ ನಿಲ್ಲುತ್ತಾರೆ; ಕೊನೆಗೆ ಕ್ರಿಸ್‌ಮಸ್ ಆರಾಧನೆಯಲ್ಲಿ ನಿಜ ಹೇಳಿ, ನಿಲುವಂಗಿ ಕಳಚಿಟ್ಟು ಹೊರಟುಬಿಡುತ್ತಾರೆ. ವಸ್ತು ಗಟ್ಟಿ. ಕೆಟ್ಟಿರುವುದು ಆ ಹೊರಟುಬಿಡುವ ಜಾಗದಲ್ಲಿ.

ನಂಬಿಕೆ ಹೋದ ಮಾತ್ರಕ್ಕೆ ಜನ ಎದ್ದು ಹೋಗುವುದಿಲ್ಲ. ಫ್ರಾನ್ಸಿನ ಹಳ್ಳಿ ಪಾದ್ರಿ ಝಾಂ ಮೆಲಿಯೆ ನಲವತ್ತು ವರ್ಷ ಚರ್ಚಿನ ಬಲಿಪೂಜೆ (ಮಾಸ್) ನಡೆಸಿಕೊಂಡೇ ಬಂದು 1729ರಲ್ಲಿ ತೀರಿಕೊಂಡ. ದೇವರಿಲ್ಲವೆಂದು ಅವನು ಬರೆದಿಟ್ಟ ದಪ್ಪ ಹಸ್ತಪ್ರತಿ ಸಿಕ್ಕಿದ್ದು ಸತ್ತ ಮೇಲೆ. 2010ರಲ್ಲಿ ತತ್ವಜ್ಞಾನಿ ಡೇನಿಯಲ್ ಡೆನೆಟ್, ಸಂಶೋಧಕಿ ಲಿಂಡಾ ಲಾಸ್ಕೋಲಾ ಇಬ್ಬರೂ ಅಮೆರಿಕದ ಇಂಥ ಐವರು ಪಾಸ್ಟರುಗಳ ಕಥೆಯನ್ನು ಹೆಸರು ಮರೆಮಾಚಿ ಪ್ರಕಟಿಸಿದರು. ಅದರಲ್ಲಿ ಮನಸ್ಸಿಗೆ ತಾಗುವುದು ತತ್ವವಲ್ಲ, ಸಂಸಾರ: ಬೇರೆ ಕೆಲಸ ಗೊತ್ತಿಲ್ಲ, ಮನೆಯಲ್ಲಿ ಹೇಗೆ ಹೇಳುವುದು, ನಂಬಿದ ಜನಕ್ಕೆ ಏನನ್ನಿಸೀತು. ನಿಮ್ಮ ಅಯ್ಯನವರು ಇರುವ ಮನೆ ಸಭೆಯದು, ಅಂದರೆ ಚರ್ಚಿನದು. ಬಿಟ್ಟ ದಿನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾರೆ? ಸಂಬಳ ಎಷ್ಟು? ಮಗಳ ನರ್ಸಿಂಗ್ ಫೀಸು ಯಾರು ಕಟ್ಟುತ್ತಿದ್ದಾರೆ? ಇದರ ಬಗ್ಗೆ ಒಂದು ಸಾಲೂ ಇಲ್ಲ, ದೇವರು ಇದ್ದಾನೋ ಇಲ್ಲವೋ ಅನ್ನುವುದಕ್ಕೆ ಮಾತ್ರ ನಾಲ್ಕು ಪುಟ. ಆ ನಾಲ್ಕು ಪುಟ ಕಿತ್ತುಹಾಕಿ.

ತಾವು ಕೊಟ್ಟ ದೀಕ್ಷಾಸ್ನಾನಗಳೆಲ್ಲ (ಬ್ಯಾಪ್ಟಿಸಂ) ಸುಳ್ಳಾದವಲ್ಲ ಎಂದು ಅವರು ಅಳುತ್ತಾರೆ. ಸೆಮಿನರಿಯಲ್ಲಿ ಓದಿದವರು ಅಷ್ಟಕ್ಕೇ ಅಳುವುದಿಲ್ಲ. ನಾಲ್ಕನೇ ಶತಮಾನದಲ್ಲೇ ಉತ್ತರ ಆಫ್ರಿಕಾದ ಡೊನಾಟಿಸ್ಟರೆಂಬ ಕ್ರೈಸ್ತ ಪಂಗಡದವರು, ಕೊಟ್ಟವನು ಸರಿಯಿಲ್ಲದಿದ್ದರೆ ಸಂಸ್ಕಾರವೂ ಸುಳ್ಳು ಎಂದು ಇದೇ ಜಗಳ ತೆಗೆದಿದ್ದರು. ಸಂಸ್ಕಾರದ ಬಲ ಕ್ರಿಸ್ತನದು, ಕೊಟ್ಟವನದಲ್ಲ ಎಂದು ಅಲ್ಲಿನ ಬಿಷಪ್ ಅಗಸ್ಟೀನ್ ಉತ್ತರ ಕೊಟ್ಟ. ಆಂಗ್ಲಿಕನ್ನರ (ಇಂಗ್ಲೆಂಡಿನ ಚರ್ಚಿನವರ) 39 ವಿಧಿಗಳಲ್ಲಿ 26ನೆಯದೂ ಅದನ್ನೇ ಹೇಳುತ್ತದೆ. ಅಂದರೆ ಅಯ್ಯನವರು ನಂಬದ ದೇವರೇ ಅವರು ಮಾಡಿದ್ದನ್ನೆಲ್ಲ ಊರ್ಜಿತ ಮಾಡುತ್ತಿದ್ದಾನೆ! ಇಂಥ ವ್ಯಂಗ್ಯ ಕೈಗೆ ಸಿಕ್ಕಿರುವಾಗ ಕಣ್ಣೀರು ಯಾಕೆ?

ಇನ್ನು ಮಾತು. ನಿಮ್ಮ ಕಥೆಯಲ್ಲಿರುವಂತೆ ಕೋಲಾರದ ಅಜ್ಜಿ 'ಏನ್ರೀ ಯಪ್ಪಾ' ಅನ್ನುವುದಿಲ್ಲ. ಆ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಜಗಲಿಗೆ ಬಂದರೆ ಕನ್ನಡ. ಈ ಧಾರವಾಡದ ಮಾತು ನಿಮಗೆ ಸೀರಿಯಲ್ಲಿನಿಂದ ಬಂದಿದೆ ಅಂತ ಕಾಣುತ್ತದೆ.

ಇಷ್ಟೆಲ್ಲ ಬರೆಯುತ್ತಿರುವುದು ಬೋರ್‌ವೆಲ್ಲಿನ ಒಂದೂವರೆ ಪುಟಕ್ಕಾಗಿ. ರಾತ್ರಿ ಬೋರ್ ಕೊರೆಯುವ ಲಾರಿ ಬಂದಿದೆ. ಪಾಯಿಂಟ್ ಮೇಲೆ ಪ್ರಾರ್ಥನೆ ಮಾಡಿ ಅಂತ ಟೊಮೆಟೊ ಬೆಳೆಯುವವನು ಅಯ್ಯನವರನ್ನು ಕರೆಸಿದ್ದಾನೆ. ಕಂಪ್ರೆಸರ್ ಸದ್ದಿಗೆ ಏನೂ ಕೇಳಿಸದು, ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ. ಏನು ಹೇಳಿದರೋ, ಬರೀ ತುಟಿ ಆಡಿಸಿದರೋ, ನೀವೂ ಹೇಳಿಲ್ಲ. ಭೇಷ್. 1,200 ಅಡಿ ಇಳಿದರೂ ಬಿಳಿ ಧೂಳೇ. ಬೆಳಿಗ್ಗೆ ಅವನೇ ಬಂದು 'ಬಿಡಿ ಅಯ್ಯನೋರೆ, ನಿಮ್ ತಪ್ಪಾ ಇದು' ಅಂತ ಸಮಾಧಾನ ಹೇಳಿ ಹೋಗುತ್ತಾನೆ. ಇದನ್ನು ಬರೆದ ಕೈಯೇ ಮುಂದಿನ ಸಾಲಲ್ಲಿ 'ಅವರ ಅಂತರಂಗವನ್ನು ಶೂನ್ಯ ಆವರಿಸಿತು' ಅಂತ ಬರೆದಿದೆ. ಹೊಡೆದುಹಾಕಿ.

ಆ ರೈತ ಮತ್ತೆ ಸಾಲ ಮಾಡಿ ಇನ್ನೊಂದು ಪಾಯಿಂಟ್ ತೋರಿಸುತ್ತಾನೆ, ಮತ್ತೆ ಕರೆಯುತ್ತಾನೆ. ಅಯ್ಯನವರು ಹೋಗುತ್ತಾರಾ? ಹೋಗುತ್ತಾರೆ ಅಂತ ನನ್ನ ಅಂದಾಜು. ಯಾಕೆ ಅನ್ನುವುದು ನಿಮಗೆ ಗೊತ್ತಿರಬೇಕು, ಅವರಿಗೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಕಥೆಯನ್ನು ಅಲ್ಲಿಂದ ಶುರುಮಾಡಿ ಹೊಸದಾಗಿ ಬರೆಯಿರಿ. 3,000 ಪದ ದಾಟದಿರಲಿ. ಕ್ರಿಸ್‌ಮಸ್ ಸಂಚಿಕೆಗೇ ಬರಲಿ ಅಂತ ಆತುರ ಪಡಬೇಡಿ. ಆ ಸಂಚಿಕೆಗೆ ಇದು ಹೊಂದುವುದೂ ಇಲ್ಲ.