ಆಮ್ಲಜನಕವನ್ನು ಮೊದಲು ಕಂಡವರು ಬೇರೆಯವರು. ಹಾಗಿದ್ದರೂ ಲವಾಸಿಯೆಯನ್ನೇ ಆಧುನಿಕ ರಸಾಯನಶಾಸ್ತ್ರದ ಪಿತಾಮಹ ಅನ್ನುವುದು ಯಾಕೆ?

ಉರಿಯುವಾಗ ನಿಜಕ್ಕೂ ಏನಾಗುತ್ತದೆ ಅಂತ ತಕ್ಕಡಿ ಇಟ್ಟು ತೋರಿಸಿದವರು ಫ್ರಾನ್ಸಿನ ಆಂಟ್ವಾನ್ ಲವಾಸಿಯೆ, ಅದಕ್ಕೆ. ಸ್ವೀಡನ್ನಿನ ಷೀಲೆ, ಇಂಗ್ಲೆಂಡಿನ ಪ್ರೀಸ್ಟ್ಲಿ ಆ ಅನಿಲವನ್ನು ಮೊದಲೇ ಬೇರ್ಪಡಿಸಿದ್ದು ನಿಜ. ಅದು ಏನು ಅಂತ ಅವರಿಬ್ಬರಿಗೂ ಸರಿಯಾಗಿ ಹೊಳೆಯಲಿಲ್ಲ.

ಉರಿಯುವ ವಸ್ತುವಿನಿಂದ ‘ಫ್ಲಾಜಿಸ್ಟನ್’ ಎಂಬುದೊಂದು ಹೊರಗೆ ಹೋಗುತ್ತದೆ ಅನ್ನುವುದು ಆಗಿನ ನಂಬಿಕೆ. ಹಾಗಾದರೆ ತೂಕ ಇಳಿಯಬೇಕು, ಅಲ್ವಾ? ಲೋಹವನ್ನು ಸುಟ್ಟರೆ ತೂಕ ಜಾಸ್ತಿಯಾಗುತ್ತಿತ್ತು! ಲವಾಸಿಯೆ ಉದ್ದ ಕತ್ತಿನ ಗಾಜಿನ ಪಾತ್ರೆಯಲ್ಲಿ ಪಾದರಸ ಇಟ್ಟು 12 ದಿನ ಕಾಯಿಸಿದರು. ಮೇಲೆ ಕೆಂಪು ಪುಡಿ ಕಟ್ಟಿತು. ಒಳಗಿನ ಗಾಳಿ ಸುಮಾರು ಆರನೇ ಒಂದು ಭಾಗ ಕಡಿಮೆಯಾಯಿತು. ಉಳಿದ ಗಾಳಿಯಲ್ಲಿ ದೀಪ ಆರಿಹೋಯಿತು. ಆ ಪುಡಿಯನ್ನೇ ಇನ್ನಷ್ಟು ಜೋರಾಗಿ ಕಾಯಿಸಿದಾಗ, ಹೋದಷ್ಟೇ ಗಾಳಿ ವಾಪಸ್ ಬಂತು. ಅಂದರೆ ಲೋಹ ಗಾಳಿಯ ಒಂದು ಭಾಗವನ್ನು ಹೀರಿಕೊಂಡಿತ್ತು. ಆ ಭಾಗಕ್ಕೆ ಆಕ್ಸಿಜನ್ ಅಂತ ಹೆಸರಿಟ್ಟವರೂ ಅವರೇ. ಈ ಪ್ರಯೋಗ ನನಗೆ ಇವತ್ತಿಗೂ ಬೆರಗು.

1789ರ ಅವರ ಪುಸ್ತಕದಲ್ಲಿ 33 ಮೂಲವಸ್ತುಗಳ ಪಟ್ಟಿ ಇದೆ. ಬೆಳಕನ್ನೂ ಅದರಲ್ಲಿ ಸೇರಿಸಿದ್ದರು, ಅದು ತಪ್ಪು. ಪುಸ್ತಕದ ಉಪಕರಣಗಳ ಚಿತ್ರ ಬರೆದವರು ಹೆಂಡತಿ ಮರಿ-ಆನ್. ಅವರ ಪಾಲು ದೊಡ್ಡದು, ನೆನೆಯುವವರು ಕಡಿಮೆ.

ಲವಾಸಿಯೆ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಕೂಟದ ಪಾಲುದಾರರೂ ಆಗಿದ್ದರು. ಫ್ರೆಂಚ್ ಕ್ರಾಂತಿಯ ಸಮಯದಲ್ಲಿ ಅದೇ ಮುಳುವಾಯಿತು. 1794ರ ಮೇ 8ರಂದು ಪ್ಯಾರಿಸ್‌ನಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟಾಗ ಅವರಿಗೆ 50 ವರ್ಷ. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವರದೂ ಇದೆ.