ಇಇಜಿ ನಾರ್ಮಲ್ ಇದ್ದರೂ ನೋಡಿದವರ ಮಾತು ಬೇಕು
ನಿಮ್ಮ ತಮ್ಮ ಕುಸಿದುಬಿದ್ದ ಕಥೆಯನ್ನು ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ನಾರ್ಮಲ್ ಬಂದಮೇಲೂ ಡಾಕ್ಟರು ಮತ್ತೆ ಮತ್ತೆ ಯಾಕೆ ಕೇಳ್ತಾರೆ ಅಂದಿರಿ. ಫಿಟ್ಸ್ ಇರುವವರಿಗೂ ಇಇಜಿ ಸರಿಯಾಗಿಯೇ ಬರಬಹುದು. ಫಿಟ್ಸ್ ಗುರುತಿಸೋದು ಹೆಚ್ಚಾಗಿ ನಡೆದದ್ದನ್ನು ಹೇಳುವವರ ಮಾತಿನಿಂದಲೇ. ಬಿದ್ದವನಿಗೆ ನೆನಪಿರಲ್ಲ, ಹಾಗಾಗಿ ಕಣ್ಣಾರೆ ನೋಡಿದವರನ್ನೇ ಕರೆದೊಯ್ಯಿರಿ, ಇಲ್ಲವೇ ಫೋನಲ್ಲಿ ಮಾತಾಡಿಸಿ. ಡಾಕ್ಟರಿಗೆ ಬೇಕಾದದ್ದು ಇದು: ಬೀಳುವ ಮುಂಚೆ ನಿಂತಿದ್ದನೇ, ಬೆವರಿ ಕಣ್ಣು ಕತ್ತಲೆ ಬಂತೇ? ಕಣ್ಣು ತೆರೆದಿತ್ತೇ, ಮುಖ ಬಿಳುಚಿತ್ತೇ, ನಾಲಿಗೆಯ ಪಕ್ಕ ಕಚ್ಚಿಕೊಂಡನೇ? ಎಷ್ಟು ಹೊತ್ತಿಗೆ ಸರಿಯಾಗಿ ಮಾತಾಡಿದ? ಈ ಕೊನೆಯದನ್ನೇ ಜನ ಹೇಳಲು ಮರೀತಾರೆ. ಬರೀ ತಲೆಸುತ್ತಿ ಬಿದ್ದವರು ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ತಾರೆ. ಫಿಟ್ಸ್ ನಂತರದ ಮಂಕು ಎಷ್ಟೋ ಹೊತ್ತು ಇರುತ್ತೆ. ‘ಫಿಟ್ಸ್ ಬಂತು’ ಅಂತ ನೀವೇ ತೀರ್ಪು ಕೊಡಬೇಡಿ, ಕಂಡದ್ದು ಹೇಳಿ: ಕೈಕಾಲು ಕೆಲವು ಸೆಕೆಂಡ್ ಅದುರುವುದು ತಲೆಸುತ್ತಿ ಬಿದ್ದಾಗಲೂ ಉಂಟು. ಮತ್ತೆ ಬಂದರೆ ಮಗ್ಗುಲಿಗೆ ಮಲಗಿಸಿ, ವಿಡಿಯೊ ಮಾಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.